ಪಟ್ಟಾಧ್ಯಕ್ಷ ಪದದ ಅರ್ಥವಿಚಾರ

ಮಠದ ಹಿರಿಯ ಗುರುಗಳನ್ನು ಭಕ್ತರು ‘ಪಟ್ಟಾಧ್ಯಕ್ಷರು’, ‘ಪಟ್ಟದ ದೇವರು’ ಎಂದು ಕರೆಯುವುದು ರೂಢಿ. ಪಟ್ಟವೆಂದರೆ ಗದ್ದುಗೆ, ಅಧ್ಯಕ್ಷನೆಂದರೆ ಅದರ ಮೇಲೆ ಕುಳಿತವನು ಎಂದು ಹಲವರು ತಿಳಿದಿರುವರು. ಈ ತಿಳಿವಳಿಕೆಯ ಎರಡು ಭಾಗಗಳೂ ಮೂಲಾರ್ಥಕ್ಕೆ ದೂರವಾದುವು.

‘ಪಟ್ಟ’ವೆಂಬ ಸಂಸ್ಕೃತ ಶಬ್ದಕ್ಕೆ ಬಟ್ಟೆಯ ಇಲ್ಲವೆ ಲೋಹದ ಪಟ್ಟಿ ಎಂದರ್ಥ. ಗಾಯಕ್ಕೆ ಸುತ್ತುವ ಪಟ್ಟಿಯೂ ಅದೇ ಬಳಗದ್ದು. ಅರಸನಾಗುವವನ ಹಣೆಗೆ ಇದನ್ನು ಬಿಗಿಯುತ್ತಿದ್ದುದರಿಂದಲೇ ಕನ್ನಡಿಗರು ಇಂದಿಗೂ ಪಟ್ಟವನ್ನು ‘ಕಟ್ಟು’ವರು. ಅದು ಗದ್ದುಗೆಯೇ ಆಗಿದ್ದರೆ ಕಟ್ಟುವ ಮಾತೇಕೆ ಬರುತ್ತಿತ್ತು? 6ನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಐದು ಬಗೆಯ ಚಿನ್ನದ ಪಟ್ಟಗಳ ಲಕ್ಷಣವನ್ನು ಹೇಳಿರುವನು. ರಾಜನ ಪಟ್ಟವು ನಡುವೆ 8 ಅಂಗುಲ ಅಗಲ, ಅದಕ್ಕೆ 5 ಶಿಖೆಗಳು. ರಾಣಿಯದು 7 ಅಂಗುಲ, ಯುವರಾಜನದು 6, ಇವರಿಬ್ಬರಿಗೂ ಮೂರು ಮೂರು ಶಿಖೆಗಳು. ಸೇನಾಪತಿಯದು 4 ಅಂಗುಲ, ಶಿಖೆಯೊಂದೇ. ಕಡೆಯದು ‘ಪ್ರಸಾದಪಟ್ಟ’, ಅಗಲ 2 ಅಂಗುಲ, ಶಿಖೆಯೇ ಇಲ್ಲ. ಒಡೆಯನ ಅನುಗ್ರಹದಿಂದ ದೊರೆಯುವುದು ಅದು. ಪ್ರಸಾದವನ್ನೇ ಬಾಳಿನ ಆಧಾರವೆಂದು ನಂಬಿದ ಭಕ್ತರಿಗೆ ಗುರುವಿನ ಹಣೆಯ ಪಟ್ಟವು ರಾಜನ ಪಂಚಶಿಖೆಗಿಂತ ಈ ಶಿಖೆಯಿಲ್ಲದ ಪಟ್ಟಿಗೇ ಹತ್ತಿರವೆಂದು ತೋರಿದರೆ ಅಚ್ಚರಿಯಿಲ್ಲ.

‘ಅಧ್ಯಕ್ಷ’ದಲ್ಲಿರುವುದು ಆಸನವಲ್ಲ, ಅಕ್ಷಿ, ಎಂದರೆ ಕಣ್ಣು. ಮೇಲಿದ್ದು ನೋಡಿಕೊಳ್ಳುವವನೇ ಅಧ್ಯಕ್ಷ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬೇಸಾಯಕ್ಕೆ ಸೀತಾಧ್ಯಕ್ಷ, ಸುಂಕಕ್ಕೆ ಶುಲ್ಕಾಧ್ಯಕ್ಷ, ಕುದುರೆಗಳಿಗೆ ಅಶ್ವಾಧ್ಯಕ್ಷ. ಇವರೆಲ್ಲರೂ ಸಾಲು, ಸರಕು, ಲಾಯಗಳ ಬಳಿ ನಿಂತು ನೋಡತಕ್ಕವರು. ಊರಿನಲ್ಲಿ ಯಾರ ಮನೆಯ ಒಲೆ ಉರಿಯಲಿಲ್ಲವೆಂಬುದು ಮಠಕ್ಕೆ ತಿಳಿಯದಿದ್ದರೆ ಅಲ್ಲಿ ಪಟ್ಟವಿರಬಹುದು, ಅಧ್ಯಕ್ಷತೆ ಇಲ್ಲ.

ಇನ್ನು ‘ಜಂಗಮ’ ಪದವು ಗಮ್ ಧಾತುವಿನಿಂದ ಹುಟ್ಟಿದುದು. ಬಿಡದೆ ಚಲಿಸುವವನೆಂದು ಅದರ ಅರ್ಥ. ಕಟ್ಟುವುದು ಪಟ್ಟದ ಧರ್ಮ, ಕಟ್ಟಿಗೊಳಗಾಗದಿರುವುದು ಜಂಗಮದ ಧರ್ಮ. ವಿರಕ್ತ ಪರಂಪರೆಯ ‘ಚರಪಟ್ಟ’ವೆಂಬ ಸಮಾಸದಲ್ಲಿ ಇವೆರಡೂ ಒಟ್ಟಿಗಿರುವುವು. ಇದನ್ನು ಕೇವಲ ಬಿರುದೆಂದು ಓದಿಬಿಡುವವರೇ ಹೆಚ್ಚು! ಉತ್ತರಾಧಿಕಾರಿಯ ಆಯ್ಕೆಗೆ ಕೂಡುವ ಸಭೆಗಳಲ್ಲಿ ಮಠದ ಹೊಲಮನೆಗಳ ಲೆಕ್ಕ ನಡೆಯುವಷ್ಟು ಸಮಯ ಈ ‘ಚರ’ ಶಬ್ದದ ವಿಚಾರ ನಡೆಯುವುದಿಲ್ಲ.

ಮಲಪ್ರಭೆಯ ದಡದ ಪಟ್ಟದಕಲ್ಲು ಚಾಲುಕ್ಯ ಅರಸರಿಗೆ ಪಟ್ಟ ಕಟ್ಟಿದ ತಾಣವೆಂದು ಪ್ರಸಿದ್ಧವಾಗಿದೆ. ಅದೇ ಹೊಳೆಯ ದಡದಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಮುಂದೆ ಮಠಗಳ ಪಟ್ಟಕ್ಕೆ ಬರತಕ್ಕ ವಟುಗಳಿಗೆ ಅಲ್ಲಿ ಮೊದಲು ದೊರೆತದ್ದು ಶಾಸ್ತ್ರಾಧ್ಯಯನ ಮತ್ತು ಶಿವಯೋಗಾಭ್ಯಾಸ.