ರೂಪ ಮತ್ತು ಬಲ: ದೇಹಸಾಧನೆಯ ಎರಡು ಗುರಿಗಳು

ಭಾರ ಎತ್ತುವ ಸಾಧನೆಗೆ ಎರಡು ಗುರಿಗಳುಂಟು: ಸ್ನಾಯು ಬೆಳೆಸುವುದು, ಬಲ ಹೆಚ್ಚಿಸುವುದು. ದೇಹದಾರ್ಢ್ಯ ಸ್ಪರ್ಧೆಯಲ್ಲಿ ತೀರ್ಪುಗಾರರು ಸ್ನಾಯುಗಳ ಗಾತ್ರವನ್ನೂ ಅಂಗಾಂಗಗಳ ಹೊಂದಾಣಿಕೆಯನ್ನೂ ಕಣ್ಣಿನಿಂದ ಅಳೆಯುತ್ತಾರೆ. ಪವರ್‌ಲಿಫ್ಟಿಂಗ್‌ನಲ್ಲಿ ಎತ್ತಿದ ಕಿಲೋಗಳಷ್ಟೇ ಲೆಕ್ಕ. ಒಂದರ ಫಲ ರೂಪ, ಇನ್ನೊಂದರದು ಶಕ್ತಿ. ಇವೆರಡರ ಸಂಬಂಧವೇನು, ಯಾವುದು ಮೇಲು ಎಂಬುದನ್ನು ಭಾರತೀಯ ದರ್ಶನಗಳು ತಮ್ಮದೇ ರೀತಿಯಲ್ಲಿ ಚರ್ಚಿಸಿವೆ.

ಬಲಕ್ಕಾಗಿ, ಒಮ್ಮೆಗೆ ಎತ್ತಬಲ್ಲ ಗರಿಷ್ಠ ಭಾರದ ಸುಮಾರು ಶೇ. 85ಕ್ಕೂ ಮೇಲ್ಪಟ್ಟ ತೂಕವನ್ನು 1ರಿಂದ 5 ಬಾರಿ ಎತ್ತಿ, ಸುತ್ತುಗಳ ನಡುವೆ 3ರಿಂದ 5 ನಿಮಿಷ ದಣಿವಾರಿಸಿಕೊಳ್ಳುವುದು ರೂಢಿ. ಗಾತ್ರಕ್ಕಾಗಿ ಮಧ್ಯಮ ತೂಕವನ್ನು 6ರಿಂದ 12 ಬಾರಿ ಎತ್ತುತ್ತಾರೆ. ಸ್ನಾಯು ಸೋಲುವ ಹಂತದವರೆಗೆ ದುಡಿಸಿದರೆ ಹಗುರ ತೂಕದಿಂದಲೂ ಅದು ಬೆಳೆಯುತ್ತದೆ. ಹೊಸಬರ ಬಲ ಮೊದಲ ವಾರಗಳಲ್ಲಿ ಗಾತ್ರಕ್ಕಿಂತ ಬೇಗ ಏರುತ್ತದೆ. ನರಮಂಡಲವು ಹೆಚ್ಚು ತಂತುಗಳನ್ನು ಒಟ್ಟಿಗೆ ಕೆಲಸಕ್ಕೆ ಹಚ್ಚಲು ಕಲಿಯುವುದೇ ಇದಕ್ಕೆ ಮುಖ್ಯ ಕಾರಣ.

ಹೀಗಾಗಿ ಒಂದೇ ಗಾತ್ರದ ಎರಡು ತೋಳುಗಳ ಬಲ ಬೇರೆಬೇರೆ ಇರಬಹುದು. ಹಾಗಾದರೆ ಶಕ್ತಿಯೆಂಬುದು ವಸ್ತುವಿಗಿಂತ ಬೇರೆಯೇ? ಮೀಮಾಂಸಕರು ಹೌದೆನ್ನುತ್ತಾರೆ. ಒಂದು ಬಗೆಯ ಮಣಿ ಬಳಿಯಲ್ಲಿದ್ದರೆ ಬೆಂಕಿ ಸುಡದು ಎಂಬ ಅಂದಿನ ನಂಬಿಕೆಯೇ ಅವರ ಉದಾಹರಣೆ: ಬೆಂಕಿ ಹಾಗೆಯೇ ಕಾಣುತ್ತಿದ್ದರೂ ಸುಡದಿದ್ದರೆ, ಕುಂದಿದ್ದು ಕಣ್ಣಿಗೆ ಕಾಣದ ಶಕ್ತಿ. ನ್ಯಾಯದರ್ಶನದ ನೈಯಾಯಿಕರು ಇದನ್ನು ಒಪ್ಪುವುದಿಲ್ಲ. ತಡೆ ಇಲ್ಲದಿರುವುದೂ ಕಾರಣಸಾಮಗ್ರಿಯ ಭಾಗವೇ. ಸಾಮಗ್ರಿ ಪೂರ್ಣವಾದರೆ ಕಾರ್ಯ ನಡೆಯುತ್ತದೆ, ಶಕ್ತಿಯೆಂಬ ಬೇರೊಂದು ಪದಾರ್ಥ ಬೇಕಿಲ್ಲ. ತೋಳಿನ ವಿಷಯದಲ್ಲಿ ಶರೀರವಿಜ್ಞಾನ ನೈಯಾಯಿಕರತ್ತ ವಾಲುತ್ತದೆ: ತಂತುಗಳ ಗಾತ್ರ, ನರಗಳ ಪ್ರಚೋದನೆ, ಎಲುಬುಗಳ ಉದ್ದ, ಚಲನೆಯ ಪಳಗಿಕೆ ಎಲ್ಲ ಕೂಡಿದ್ದೇ ಬಲ. ಆದರೂ ಬಲವನ್ನು ಕಾರ್ಯದಿಂದಲೇ ಅರಿಯಬೇಕು, ನೋಟದಿಂದಲ್ಲ ಎಂಬ ಮೀಮಾಂಸಕರ ಮಾತು ಉಳಿಯುತ್ತದೆ.

ಅಷ್ಟರಿಂದಲೇ ಬಲ ಶ್ರೇಷ್ಠ, ರೂಪ ಬರಿಯ ಆಡಂಬರ ಎನ್ನಲಾಗದು. ಭಗವದ್ಗೀತೆ ಸಾಧನೆಯನ್ನು ಅಳೆಯುವುದು ಉದ್ದೇಶದಿಂದ. 17ನೆಯ ಅಧ್ಯಾಯದ ಪ್ರಕಾರ ಮನ್ನಣೆಗಾಗಿ ಡಂಭದಿಂದ ಮಾಡಿದ ತಪಸ್ಸು ರಾಜಸ, ಪರರ ಕೇಡಿಗಾಗಿ ಮಾಡಿದ್ದು ತಾಮಸ. 7ನೆಯ ಅಧ್ಯಾಯದಲ್ಲಿ ಕೃಷ್ಣ ತಾನೆಂದು ಹೇಳಿಕೊಳ್ಳುವುದು ಕಾಮ, ರಾಗಗಳಿಲ್ಲದ ಬಲವನ್ನು ಮಾತ್ರ. ಈ ಅಳತೆಯಲ್ಲಿ ಕನ್ನಡಿಯ ಮೋಹವೂ ದಾಖಲೆಯ ಹಂಬಲವೂ ಒಂದೇ ಸಾಲಿಗೆ ಬರುತ್ತವೆ.

ರೂಪ, ಬಲ ಎರಡನ್ನೂ ನೇರವಾಗಿ ಬೇರ್ಪಡಿಸಿ ತೂಗಿದ್ದು ಜೈನ ಕರ್ಮಸಿದ್ಧಾಂತ. ಅದು ದೇಹದ ಆಕಾರವನ್ನು ಸಂಸ್ಥಾನವೆಂದೂ ಎಲುಬುಕೀಲುಗಳ ಗಟ್ಟಿತನವನ್ನು ಸಂಹನನವೆಂದೂ ಕರೆದು, ತಲಾ ಆರು ಬಗೆಗಳನ್ನು ಹೇಳುತ್ತದೆ. ಮೋಕ್ಷಕ್ಕೆ ಆರರಲ್ಲಿ ಯಾವ ಆಕಾರವಾದರೂ ಸಾಕು. ಸಂಹನನ ಮಾತ್ರ ಎಲ್ಲಕ್ಕಿಂತ ದೃಢವಾದ ವಜ್ರವೃಷಭನಾರಾಚವೇ ಆಗಬೇಕು, ಏಕೆಂದರೆ ಪರಮ ಧ್ಯಾನದ ಭಾರವನ್ನು ದುರ್ಬಲ ದೇಹ ತಾಳದು. ಮಲ್ಲಯುದ್ಧದಲ್ಲಿ ಅಣ್ಣ ಭರತನನ್ನು ಗೆದ್ದ ಬಾಹುಬಲಿ ರಾಜ್ಯ ತೊರೆದು ಒಂದು ವರ್ಷ ಅಲುಗದೆ ನಿಂತದ್ದು ಅಂಥ ದಾರ್ಢ್ಯದಿಂದಲೇ. ಆದರೆ ಆಕಾರ, ದಾರ್ಢ್ಯ ಎರಡೂ ದೇಹವನ್ನು ರೂಪಿಸುವ ನಾಮಕರ್ಮದ ಫಲಗಳು. ಅನಂತವೀರ್ಯ, ಅಂದರೆ ಕೊನೆಯಿಲ್ಲದ ಶಕ್ತಿ, ಆತ್ಮನ ಗುಣ. ಆದ್ದರಿಂದ ಈ ದರ್ಶನದಲ್ಲಿ ದೇಹಬಲ ರೂಪಕ್ಕಿಂತ ಮೇಲಿನ ಸಾಧನವೇ ಹೊರತು ಗುರಿಯಲ್ಲ. ಮುಕ್ತಿಯಲ್ಲಿ ದೇಹದೊಡನೆ ಅದೂ ಕಳಚಿಹೋಗುತ್ತದೆ.