ಅಭಿಷೇಕವೂ ಬೇಕು, ಅಭ್ಯಾಸವೂ ಬೇಕು

ಯೌವನಸ್ಥರ ಆರಾಧನೆಯ ಸಂದೇಶ
ವಾಕ್ಯಭಾಗ: 1 ಪೂರ್ವಕಾಲವೃತ್ತಾಂತ 25:1-8

ಕೂತ್ಕೊಳ್ಳಿ. ಮ್ಯೂಸಿಕ್ ಟೀಮ್‌ನವರು ಹಿಂದಿನ ರೂಮಿಗೆ ಹೋಗಬೇಡಿ, ಇವತ್ತು ಮುಂದಿನ ಸಾಲಲ್ಲೇ ಕೂತ್ಕೊಳ್ಳಿ. ಇವತ್ತಿನ ವಾಕ್ಯ ನಿಮ್ಮ ಬಗ್ಗೆನೇ.

ಬೈಬಲ್ ತೆಗೀರಿ. ಮೊಬೈಲಲ್ಲಿ ಓದೋರು ವಾಟ್ಸಾಪ್ ಮುಚ್ಚಿ ಓದಿ. ಒಂದನೇ ಪೂರ್ವಕಾಲವೃತ್ತಾಂತ, 25ನೇ ಅಧ್ಯಾಯ. ಬರೀ ಹೆಸರುಗಳೇ ತುಂಬಿರೋದ್ರಿಂದ ನಮ್ಮಲ್ಲಿ ತುಂಬಾ ಜನ ದಾಟಿಕೊಂಡು ಹೋಗೋ ಅಧ್ಯಾಯ ಇದು. ಆದರೆ ದೇವರು ವ್ಯರ್ಥವಾಗಿ ಒಂದು ಹೆಸರನ್ನೂ ಬರೆಸಿಲ್ಲ. ಆಮೆನ್?

ಯಾಕೆ ಇವತ್ತು ಈ ಅಧ್ಯಾಯ? ಹೋದ ತಿಂಗಳು ಒಬ್ಬ ಹುಡುಗ ನನ್ನ ಹತ್ತಿರ ಬಂದ. ಸೆಕೆಂಡ್ ಪಿಯುಸಿ ಓದ್ತಿದ್ದಾನೆ. "ಪಾಸ್ಟರ್, ನಾನು ಮ್ಯೂಸಿಕ್ಕೇ ಓದಬೇಕು. ಜೀವನಪೂರ್ತಿ ಸಭೆಯ ಆರಾಧನೆಯಲ್ಲಿ ಸೇವೆ ಮಾಡಬೇಕು" ಅಂದ. ಎರಡು ದಿನ ಆದ ಮೇಲೆ ಅವನ ತಾಯಿ ಬಂದ್ರು. "ಪಾಸ್ಟರ್, ನೀವಾದ್ರೂ ಅವನಿಗೆ ಬುದ್ಧಿ ಹೇಳಿ. ಭಾನುವಾರ ಕೀಬೋರ್ಡ್ ಬಾರಿಸಲಿ, ಬೇಡ ಅನ್ನಲ್ಲ. ಆದರೆ ಹೊಟ್ಟೆಗೇನು ಮಾಡ್ತಾನೆ?" ಅಂತ ಕಣ್ಣೀರು ಹಾಕಿದ್ರು. ಇದನ್ನ ಕೇಳಿದ ಒಬ್ಬ ಹಿರಿಯ ಸಹೋದರರು ಹೇಳಿದ್ರು: "ಮ್ಯೂಸಿಕ್ ಓದೋದು ಯಾಕೆ ಪಾಸ್ಟರ್? ಅಭಿಷೇಕ ಇದ್ರೆ ಸಾಕಲ್ವಾ? ದಾವೀದ ಯಾವ ಕಾಲೇಜಿಗೆ ಹೋಗಿದ್ದ?"

ಮೂರು ಜನ, ಮೂರು ಮಾತು. ಮೂರೂ ಪ್ರಾಮಾಣಿಕವಾದ ಮಾತುಗಳೇ. ಹಿರಿಯ ಸಹೋದರರಿಂದಲೇ ಶುರು ಮಾಡೋಣ.

1. ಅಭಿಷೇಕ ಇದ್ದರೆ ಕಲಿಕೆ ಯಾಕೆ?

ಮೊದಲನೇ ವಚನ ನೋಡಿ. ದಾವೀದನು ಆಸಾಫ, ಹೇಮಾನ, ಯೆದುತೂನ ಇವರ ಮಕ್ಕಳನ್ನ ಪ್ರತ್ಯೇಕಿಸಿದ. ಯಾವ ಕೆಲಸಕ್ಕೆ? ಕಿನ್ನರಿ, ಸ್ವರಮಂಡಲ, ತಾಳ ಬಾರಿಸ್ತಾ ಪ್ರವಾದಿಸೋದಕ್ಕೆ. ಪ್ರವಾದನೆ! ಇದು ಪವಿತ್ರಾತ್ಮನ ಕೆಲಸ. ಈಗ ಏಳನೇ ವಚನಕ್ಕೆ ಬನ್ನಿ. ಕರ್ತನಿಗೆ ಹಾಡೋದರಲ್ಲಿ ತರಬೇತಿ ಹೊಂದಿದವರು, ನಿಪುಣರು, ಒಟ್ಟು 288 ಜನ. ಅದೇ ಅಧ್ಯಾಯ, ಅದೇ ಜನ. ಒಂದನೇ ವಚನದಲ್ಲಿ ಪ್ರವಾದಿಸುವವರು, ಏಳನೇ ವಚನದಲ್ಲಿ ತರಬೇತಿ ಹೊಂದಿದವರು. ನಾವು ಎರಡು ಪಕ್ಷ ಮಾಡಿದ್ದೀವಿ, ಆತ್ಮಿಕರು ಒಂದು ಕಡೆ, ಮ್ಯೂಸಿಕ್ ಓದಿದವರು ಇನ್ನೊಂದು ಕಡೆ. ದೇವರ ವಾಕ್ಯದಲ್ಲಿ ಆ ಗೋಡೆ ಇಲ್ಲ.

ದಾವೀದನ ವಿಷಯಕ್ಕೆ ಬರೋಣ. 1 ಸಮುವೇಲ 16. ಸಮುವೇಲನು ಅವನ ತಲೆ ಮೇಲೆ ಎಣ್ಣೆ ಹೊಯ್ದ, ಕರ್ತನ ಆತ್ಮ ಅವನ ಮೇಲೆ ಬಂತು. ಹಲ್ಲೆಲೂಯ! ಆದರೆ 18ನೇ ವಚನದಲ್ಲಿ ಸೌಲನ ಸೇವಕ ಅವನ ಪರಿಚಯ ಹೇಗೆ ಮಾಡ್ತಾನೆ? ಮೊದಲು ಹೇಳೋದು, ಬಾರಿಸೋದರಲ್ಲಿ ಜಾಣ ಅಂತ. ಕೊನೆಗೆ ಹೇಳೋದು, ಕರ್ತನು ಅವನ ಸಂಗಡ ಇದ್ದಾನೆ ಅಂತ. ಬೆರಳುಗಳ ಜಾಣತನ ಎಣ್ಣೆ ಸುರಿದ ನಿಮಿಷದಲ್ಲಿ ಇಳಿದು ಬರಲಿಲ್ಲ. ಅವನು ಕಾಲೇಜಿಗೆ ಹೋಗಲಿಲ್ಲ, ನಿಜ. ಆದರೆ ಕುರಿ ಕಾಯೋ ಬಯಲೇ ಅವನ ಪ್ರಾಕ್ಟೀಸ್ ರೂಮ್ ಆಗಿತ್ತು ಅಂತ ನಾನು ನಂಬ್ತೀನಿ. ಯಾರೂ ನೋಡದ ಜಾಗದಲ್ಲಿ ಬಾರಿಸಿದವನನ್ನ ಕರ್ತನು ಅರಮನೆಗೆ ತಂದ.

ಬೆಚಲೇಲನನ್ನೂ ನೆನೆಸಿಕೊಳ್ಳಿ, ವಿಮೋಚನಕಾಂಡ 31. ದೇವರು ಅವನನ್ನ ತನ್ನ ಆತ್ಮದಿಂದ ತುಂಬಿಸಿದ. ತುಂಬಿಸಿದ್ದು ಪ್ರಸಂಗ ಮಾಡೋದಕ್ಕಲ್ಲ. ಚಿನ್ನ, ಬೆಳ್ಳಿ, ಮರದ ಕೆಲಸ ಮಾಡೋದಕ್ಕೆ. 35ನೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ: ಬೇರೆಯವರಿಗೆ ಕಲಿಸೋ ಸಾಮರ್ಥ್ಯವನ್ನೂ ದೇವರೇ ಅವನ ಹೃದಯದಲ್ಲಿ ಇಟ್ಟ. ಕಲಿಸೋನು ದೇವರ ವರದಾನ ಆದರೆ, ಅವನ ಹತ್ತಿರ ಹೋಗಿ ಕಲಿಯೋದು ಅವಿಶ್ವಾಸ ಹೇಗಾಗುತ್ತೆ? ಪಕ್ಕದವರಿಗೆ ಹೇಳಿ: ಕಲಿಯೋದು ಅವಿಶ್ವಾಸ ಅಲ್ಲ!

2. ಕಲಿಯೋದು ಅಂದರೆ ಏನು?

ಈಗ ನಮ್ಮ ಹುಡುಗನಿಗೆ. ತಮ್ಮಾ, ನಿನಗೆ ಕರೆ ಇದೆ ಅಂತೀಯಾ. ಸಂತೋಷ. ಹಾಗಾದರೆ ಬೆಲೆ ಲೆಕ್ಕ ಹಾಕು.

ಅರಣ್ಯಕಾಂಡ 8:24ರಲ್ಲಿ ಲೇವಿಯರು 25 ವರ್ಷಕ್ಕೆ ಸೇವೆಗೆ ಬರಬೇಕು ಅಂತಿದೆ. 4:3ರಲ್ಲಿ 30 ವರ್ಷ ಅಂತಿದೆ. ಯೆಹೂದಿ ಬೋಧಕರು ಇದಕ್ಕೆ ಕೊಟ್ಟ ವಿವರಣೆ ಏನು ಗೊತ್ತಾ? ನಡುವಿನ ಐದು ವರ್ಷ ಕಲಿಯೋ ಕಾಲ. ಐದು ವರ್ಷ! ನಮ್ಮಲ್ಲಿ ಐದು ಯೂಟ್ಯೂಬ್ ವಿಡಿಯೋ ನೋಡಿ "ನಾನು ವರ್ಷಿಪ್ ಲೀಡರ್" ಅಂತೀವಿ.

ಸಭೆಯ ಸಂಗೀತಗಾರ ಏನೇನು ಕಲಿಯಬೇಕು? ಮೊದಲು, ವಾದ್ಯ ಮತ್ತು ಸ್ವರ. ಟ್ರಿನಿಟಿ ಪರೀಕ್ಷೆ ಇದೆ, ಎಂಟನೇ ಗ್ರೇಡ್‌ವರೆಗೂ ಹೋಗುತ್ತೆ. ಸ್ಟಾಫ್ ನೊಟೇಶನ್ ಓದೋದು ಕಲಿ. ಕರ್ನಾಟಕ ಸಂಗೀತ ಕಲಿಯೋರು ಸರಳೆ ವರಸೆಯನ್ನ ಮೂರು ಕಾಲದಲ್ಲಿ ಹಾಡ್ತಾರೆ. ಅದೇ ಏಳು ಸ್ವರ, ಮೊದಲು ನಿಧಾನ, ಆಮೇಲೆ ಎರಡರಷ್ಟು, ಆಮೇಲೆ ನಾಲ್ಕರಷ್ಟು ವೇಗ. ಬೇಜಾರಾಗುತ್ತೆ. ಬೇಜಾರಾದರೂ ಮಾಡೋದಕ್ಕೇ ಅಭ್ಯಾಸ ಅನ್ನೋದು. ಮೆಟ್ರೊನೋಮ್ ಹಾಕ್ಕೊಂಡು ಕೂತ್ಕೋ. ಅದು ಸುಳ್ಳು ಹೇಳಲ್ಲ.

ಎರಡನೇದು, ಕಿವಿ. ಸಭೆಯಲ್ಲಿ ಬಾರಿಸೋದು ಕಾನ್ಸರ್ಟ್ ಥರ ಅಲ್ಲ. ಒಬ್ಬ ಅಜ್ಜಿ ಎದ್ದು ತಮ್ಮ ಸ್ಥಾಯಿಯಲ್ಲಿ ಹಾಡು ಎತ್ತಿದರೆ ಅದು ಯಾವ ಸ್ಕೇಲ್ ಅಂತ ನೀನು ತಕ್ಷಣ ಹಿಡೀಬೇಕು. ಗಂಡಸರ ಸ್ಕೇಲಲ್ಲಿ ಕಲಿತ ಹಾಡನ್ನ ಸಿಸ್ಟರ್ಸ್ ಹಾಡೋವಾಗ ಸ್ಕೇಲ್ ಬದಲಾಯಿಸೋಕೆ ಬರಬೇಕು, ಟ್ರಾನ್ಸ್‌ಪೋಸ್ ಬಟನ್ ಒತ್ತದೆ. ಪ್ರಾರ್ಥನೆ ನಡೀತಿರೋವಾಗ ಕೆಳಗೆ ಮೆಲ್ಲಗೆ ಬಾರಿಸಬೇಕು. ಯಾವಾಗ ಪೂರ್ತಿ ನಿಲ್ಲಿಸಬೇಕು ಅನ್ನೋದೂ ಗೊತ್ತಿರಬೇಕು. ಅದು ಎಲ್ಲಕ್ಕಿಂತ ಕಷ್ಟದ ಪಾಠ.

ಮೂರನೇದು, ಭಾಷೆ. ಇಂಗ್ಲಿಷ್ ಟ್ಯೂನಿಗೆ ಕನ್ನಡ ಪದ ತುರುಕಿ ಹಾಡ್ತೀವಲ್ಲ, ಏನಾಗುತ್ತೆ? ಕರ್ತನಿಗೆ "ನೀನು" ಅಂತ ಹಾಡಬೇಕಾದ ಕಡೆ ಟ್ಯೂನ್ ಎಳೆದು "ನೀನೂ" ಆಗಿಬಿಡುತ್ತೆ. "ನೀನೂ" ಅಂದರೆ "ನೀನು ಕೂಡ" ಅಂತ ಅರ್ಥ! ಹಲವರಲ್ಲಿ ಒಬ್ಬ ಅನ್ನೋ ಹಾಗೆ. ಒಂದು ದೀರ್ಘದಲ್ಲಿ ನಮ್ಮ ನಂಬಿಕೆಯ ಅರ್ಥವೇ ಬದಲಾಗಿ ಹೋಯ್ತು. ಬಾಸೆಲ್ ಮಿಷನ್‌ನ ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಜರ್ಮನಿಯಿಂದ ಇಲ್ಲಿಗೆ ಬಂದವರು. 1862ರಲ್ಲಿ ಯೇಸುವಿನ ಚರಿತ್ರೆಯನ್ನ ನಮ್ಮ ದೇಶದ ಪದ್ಯಶೈಲಿಯಲ್ಲೇ "ಕಥಾಮಾಲೆ" ಅಂತ ಬರೆದರು. ನಾಗವರ್ಮನ "ಛಂದೋಂಬುಧಿ"ಯನ್ನ ಸಂಪಾದಿಸಿ 1875ರಲ್ಲಿ ಹೊರತಂದರು. ಅವರ ದೊಡ್ಡ ನಿಘಂಟು ಬಂದಿದ್ದು 1894ರಲ್ಲಿ. ಲೆಕ್ಕ ಹಾಕಿ, 40 ವರ್ಷದ ದುಡಿಮೆ. ಪರದೇಶದವರು ನಮ್ಮ ಲಘು-ಗುರು ಇಷ್ಟು ಶ್ರದ್ಧೆಯಿಂದ ಕಲಿತರು. ಕನ್ನಡದಲ್ಲೇ ಹುಟ್ಟಿ ಬೆಳೆದ ನಾವು?

ನಾಲ್ಕನೇದು, ವಾಕ್ಯ. 1 ಪೂರ್ವಕಾಲವೃತ್ತಾಂತ 15:22ರಲ್ಲಿ ಕೆನನ್ಯ ಅನ್ನೋನಿದ್ದಾನೆ. ಹಾಡು ಕಲಿಸೋ ಜವಾಬ್ದಾರಿ ಅವನಿಗೆ ಯಾಕೆ ಸಿಕ್ತು? ಅವನು ಅದರಲ್ಲಿ ಪ್ರವೀಣ ಆಗಿದ್ದ. ಆದರೆ ಅವನು ಲೇವಿಯನೂ ಹೌದು, ದೇವರ ಧರ್ಮಶಾಸ್ತ್ರದ ನಡುವೆ ಬೆಳೆದವನು. ಪ್ರಸಂಗ ಮರೆತುಹೋಗುತ್ತೆ, ಹಾಡು ಬಾಯಲ್ಲಿ ಉಳಿಯುತ್ತೆ. ಜನರ ಬಾಯಿಗೆ ನೀನು ಏನು ಕೊಡ್ತೀಯ ಅನ್ನೋದಕ್ಕೆ ನೀನು ಲೆಕ್ಕ ಒಪ್ಪಿಸಬೇಕು.

ಯೊಹಾನ್ ಸೆಬಾಸ್ಟಿಯನ್ ಬಾಖ್ ಹೆಸರು ಕೇಳಿದ್ದೀರಲ್ಲ? 1705ರಲ್ಲಿ ಜರ್ಮನಿಯ ಆರ್ನ್‌ಸ್ಟಾಟ್ ಊರಿನ ಚರ್ಚಿನಲ್ಲಿ ಆರ್ಗನ್ ಬಾರಿಸ್ತಿದ್ದ 20 ವರ್ಷದ ಯುವಕ. ಲ್ಯೂಬೆಕ್ ಊರಲ್ಲಿ ಬುಕ್ಸ್ಟೆಹೂಡ ಅನ್ನೋ ದೊಡ್ಡ ಗುರು ಇದ್ದಾರೆ ಅಂತ ಸುಮಾರು 400 ಕಿಲೋಮೀಟರ್ ನಡೆದುಕೊಂಡು ಹೋದ. ನಾಲ್ಕು ವಾರ ರಜೆ ಕೇಳಿದ್ದ, ವಾಪಸ್ ಬಂದಿದ್ದು ಸುಮಾರು ನಾಲ್ಕು ತಿಂಗಳ ಮೇಲೆ. ಸಭೆಯ ಹಿರಿಯರು ಚೆನ್ನಾಗಿ ಬೈದರು! ರಜೆಯ ವಿಷಯದಲ್ಲಿ ಅವನನ್ನ ಅನುಸರಿಸಬೇಡಿ, ಹಸಿವಿನ ವಿಷಯದಲ್ಲಿ ಅನುಸರಿಸಿ. ಮುಂದೆ 1723ರಿಂದ 1750ರಲ್ಲಿ ಸಾಯೋವರೆಗೂ ಲೈಪ್ಜಿಗ್‌ನಲ್ಲಿ ಸಭೆಗಾಗಿ ಸಂಗೀತ ರಚಿಸಿದ, ಹುಡುಗರಿಗೆ ಕಲಿಸಿದ. ಅವನ ಸ್ವಂತ ಬೈಬಲ್ ವ್ಯಾಖ್ಯಾನ ಇವತ್ತಿಗೂ ಉಳಿದಿದೆ. ಅದರಲ್ಲಿ ನಾವು ಓದಿದ ಇದೇ 25ನೇ ಅಧ್ಯಾಯದ ಪಕ್ಕದಲ್ಲಿ ತನ್ನ ಕೈಯಿಂದಲೇ ಬರೆದಿದ್ದಾನೆ, ದೇವರು ಮೆಚ್ಚುವ ಸಭಾಸಂಗೀತಕ್ಕೆಲ್ಲ ಇದೇ ನಿಜವಾದ ಅಡಿಪಾಯ ಅನ್ನೋ ಅರ್ಥದಲ್ಲಿ. ನಾವು ದಾಟಿಕೊಂಡು ಹೋಗೋ ಅಧ್ಯಾಯದ ಹತ್ತಿರ ಆ ಮನುಷ್ಯ ನಿಂತುಕೊಂಡ.

ಇನ್ನೊಂದು ಎಚ್ಚರಿಕೆ ಹೇಳಲೇಬೇಕು. ಸಂಗೀತ ವೃತ್ತಿ ಆದಾಗ ಒಂದು ಅಪಾಯ ಬರುತ್ತೆ. ಹೃದಯ ಒಣಗಿದ್ರೂ ಕೈ ಸರಿಯಾಗಿ ಬಾರಿಸುತ್ತೆ. ಜನ ಅಳ್ತಿರ್ತಾರೆ, ನೀನು ಮುಂದಿನ ಕಾರ್ಡ್ ಯೋಚನೆ ಮಾಡ್ತಿರ್ತೀಯ. ಆಮೋಸ 5ರಲ್ಲಿ ದೇವರು ಇಸ್ರಾಯೇಲ್ಯರ ಹಾಡಿನ ಗದ್ದಲ ನನ್ನಿಂದ ತೊಲಗಲಿ ಅನ್ನುವಷ್ಟು ಬೇಸತ್ತ. ಶ್ರುತಿ ತಪ್ಪಿತ್ತು ಅಂತಲ್ಲ, ನ್ಯಾಯ ಇರಲಿಲ್ಲ ಅಂತ. ಗಾಯಕರ ನಾಯಕ ಆಸಾಫನೇ 73ನೇ ಕೀರ್ತನೆಯಲ್ಲಿ ಹೇಳ್ತಾನೆ, ತನ್ನ ಕಾಲು ಇನ್ನೇನು ಜಾರಿತ್ತು ಅಂತ. ಅವನು ಎಲ್ಲಿ ಸರಿಹೋದ? ದೇವರ ಪವಿತ್ರಾಲಯಕ್ಕೆ ಹೋದಾಗ. ಬಾರಿಸೋದಕ್ಕೆ ಮಾತ್ರ ಬರೋನಾಗಬೇಡ, ಮೊಣಕಾಲೂರೋದಕ್ಕೂ ಬಾ.

3. ಹೊಟ್ಟೆಗೇನು?

ಈಗ ಆ ತಾಯಿಯ ಪ್ರಶ್ನೆ. ಇದನ್ನ ನಾನು ಹಗುರವಾಗಿ ತಗೊಳ್ಳಲ್ಲ. "ದೇವರು ನೋಡ್ಕೋತಾನೆ ಅಮ್ಮಾ" ಅಂತ ಹೇಳಿ ಕಳಿಸೋದು ಸುಲಭ. ಆದರೆ ಬೈಬಲ್ ಅಷ್ಟು ಸುಲಭವಾಗಿ ಬಿಡಲ್ಲ.

1 ಪೂರ್ವಕಾಲವೃತ್ತಾಂತ 9:33 ನೋಡಿ. ಗಾಯಕರು ದೇವಾಲಯದ ಕೋಣೆಗಳಲ್ಲೇ ಇರ್ತಿದ್ದರು, ಬೇರೆ ಕೆಲಸಗಳಿಂದ ಅವರಿಗೆ ಬಿಡುಗಡೆ ಇತ್ತು, ಯಾಕಂದ್ರೆ ಹಗಲೂ ರಾತ್ರಿ ಅದೇ ಅವರ ಸೇವೆ. ಅವರ ಊಟ ಯಾರು ನೋಡಿಕೊಂಡರು? ನೆಹೆಮೀಯ 12:47ರ ಪ್ರಕಾರ ಇಸ್ರಾಯೇಲ್ಯರೆಲ್ಲರೂ ಗಾಯಕರಿಗೆ ದಿನದಿನದ ಪಾಲು ಕೊಡ್ತಿದ್ದರು. ಮುಂದಿನ ಅಧ್ಯಾಯದಲ್ಲಿ ಏನಾಯ್ತು? 13:10. ಪಾಲು ನಿಂತುಹೋಯ್ತು. ಲೇವಿಯರೂ ಗಾಯಕರೂ ತಮ್ಮ ತಮ್ಮ ಹೊಲಗಳಿಗೆ ಓಡಿಹೋದರು. ಆಗ ನೆಹೆಮೀಯ ಯಾರನ್ನ ಗದರಿಸಿದ? ಗಾಯಕರನ್ನಾ? ಇಲ್ಲ! ಅಧಿಕಾರಿಗಳನ್ನ. ದೇವರ ಆಲಯ ಯಾಕೆ ಹೀಗೆ ಅನಾಥವಾಗಿದೆ ಅಂತ ಕೇಳಿ, ಗಾಯಕರನ್ನ ಕರೆಸಿ ಅವರ ಸ್ಥಾನದಲ್ಲಿ ನಿಲ್ಲಿಸಿದ.

ಸಭೆಯವರೇ, ಇದು ನಮಗೆ. ಸ್ಪೀಕರಿಗೆ, ಎಲ್‌ಇಡಿ ಗೋಡೆಗೆ ಲಕ್ಷಗಟ್ಟಲೆ ಕೊಡ್ತೀವಿ. ವಾರಪೂರ್ತಿ ಅಭ್ಯಾಸ ಮಾಡಿ ಬರೋ ಹುಡುಗನಿಗೆ ಆಟೋ ಚಾರ್ಜ್ ಕೊಡೋಕೆ "ಸೇವೆ ಅಲ್ವಾ ಬ್ರದರ್" ಅಂತೀವಿ. ಆಮೇಲೆ ಅವನು ಶನಿವಾರ ರಾತ್ರಿ ಮದುವೆ ರಿಸೆಪ್ಷನ್‌ನಲ್ಲಿ ಬಾರಿಸೋಕೆ ಹೋದರೆ "ಲೋಕಕ್ಕೆ ಹೋದ" ಅಂತೀವಿ. ಅವನು ಲೋಕಕ್ಕೆ ಹೋಗಲಿಲ್ಲ ಪ್ರಿಯರೇ, ಹೊಲಕ್ಕೆ ಹೋದ. ಕಳಿಸಿದವರು ನಾವು. ಒಂದು ಮಗುವಿನ ಮ್ಯೂಸಿಕ್ ಫೀಸು ಕಟ್ಟಲು ಶಕ್ತಿ ಇರೋರು ಈ ಹಾಲ್‌ನಲ್ಲಿ ಎಷ್ಟು ಜನ ಇಲ್ಲ?

ತಮ್ಮಾ, ನಿನಗೂ ಒಂದು ಮಾತು. ಪೂರ್ತಿ ಸಂಬಳ ಕೊಡೋ ಸಭೆಗಳು ನಮ್ಮಲ್ಲಿ ಕಡಿಮೆ. ಆದ್ದರಿಂದ ಕಲಿಸೋಕೂ ಬರೋ ಹಾಗೆ ಕಲಿ. ಶಾಲೆಗಳಲ್ಲಿ ಸಂಗೀತದ ಟೀಚರ್ ಕೆಲಸ ಇದೆ, ಸ್ಟುಡಿಯೋ ಕೆಲಸ ಇದೆ, ಸೌಂಡ್ ಇಂಜಿನಿಯರಿಂಗ್ ಇದೆ. ಪೌಲನು ಗುಡಾರ ಹೊಲಿದ, ಅಪೊಸ್ತಲರ ಕೃತ್ಯಗಳು 18:3. ಅದರಿಂದ ಅವನ ಅಪೊಸ್ತಲತ್ವ ಕಡಿಮೆ ಆಗಲಿಲ್ಲ. ಫಿಸಿಕ್ಸ್ ಕಷ್ಟ ಅಂತ ಮ್ಯೂಸಿಕ್ ಕಡೆ ಓಡಿಬರಬೇಡ. ಓಡಿಬಂದವನು ಇಲ್ಲಿಂದಲೂ ಓಡ್ತಾನೆ. ಈ ವರ್ಷದ ಪರೀಕ್ಷೆ ಚೆನ್ನಾಗಿ ಬರಿ. ದಿನಕ್ಕೆ ಒಂದು ಗಂಟೆ ಕೂತು ಅಭ್ಯಾಸ ಮಾಡು, ಒಂದು ವರ್ಷ. ನಿನ್ನ ತಾಯಿ ಅದನ್ನ ಕಣ್ಣಾರೆ ನೋಡಲಿ. ಕರೆಗೆ ಅದಕ್ಕಿಂತ ಒಳ್ಳೇ ಸಾಕ್ಷಿ ಇಲ್ಲ.

ಅಮ್ಮಾ, ನಿಮಗೆ: ಆ ವರ್ಷ ಆದ ಮೇಲೂ ಅವನ ಮನಸ್ಸು ಅಲ್ಲೇ ಇದ್ದರೆ, ಅಡ್ಡ ಬರಬೇಡಿ. 25:6ರಲ್ಲಿ ಮಕ್ಕಳು ತಂದೆಯ ಕೈಕೆಳಗೆ ಹಾಡಿದರು ಅಂತಿದೆ. ಮನೆಯವರ ಕೈ ಮೇಲಿದ್ದರೆ ಮಗು ಜಾರಲ್ಲ.

ಕೊನೆಯದಾಗಿ 2 ಪೂರ್ವಕಾಲವೃತ್ತಾಂತ 5ಕ್ಕೆ ಬನ್ನಿ. ಸೊಲೊಮೋನನ ಆಲಯ ಸಿದ್ಧವಾಗಿದೆ. ಆಸಾಫ, ಹೇಮಾನ, ಯೆದುತೂನ ಮತ್ತು ಅವರ ಮನೆಯವರು ಬಿಳೀ ನಾರುಬಟ್ಟೆ ಉಟ್ಟು ನಿಂತಿದ್ದಾರೆ. ಜೊತೆಗೆ ತುತೂರಿ ಊದುವ ಯಾಜಕರು 120 ಜನ. ಮೇಲಂತಸ್ತಿನ ಕೋಣೆ ನೆನಪಾಯ್ತಾ? ಅಲ್ಲೂ ಸುಮಾರು 120 ಜನ! ಎಲ್ಲರೂ ಒಂದೇ ಸ್ವರವಾಗಿ ಕರ್ತನನ್ನ ಸ್ತುತಿಸಿದಾಗ ಮೇಘ ಆಲಯವನ್ನ ತುಂಬಿತು, ಯಾಜಕರು ನಿಲ್ಲಲಾರದೆ ಹೋದರು. ಅಷ್ಟು ಜನ ಒಂದೇ ಸ್ವರ ಆಗೋಕೆ ಎಷ್ಟು ದಿನದ ಅಭ್ಯಾಸ ಬೇಕು ಯೋಚಿಸಿ. ಸ್ವರ ಒಂದು ಮಾಡೋದು ಅವರ ಕೆಲಸ, ಮೇಘ ಇಳಿಸೋದು ದೇವರ ಕೆಲಸ. ಅವರು ತಮ್ಮ ಕೆಲಸ ಮಾಡಿದ್ದರು. ಹಲ್ಲೆಲೂಯ!

ಎಲ್ಲರೂ ಎದ್ದು ನಿಲ್ಲಿ. ಕಲಿಯೋಕೆ ನಿರ್ಧಾರ ಮಾಡೋರು, ಕಲಿತು ಬೇಸತ್ತು ಬಿಟ್ಟಿರೋರು, ಬಾರಿಸ್ತಾ ಬಾರಿಸ್ತಾ ಒಳಗೆ ಒಣಗಿಹೋಗಿರೋರು ಮುಂದೆ ಬನ್ನಿ. ವಾದ್ಯ ಬೇಡ, ಬರೀ ಕೈ ಎತ್ತಿ.

ಪರಲೋಕದ ತಂದೆಯೇ, ಈ ಕೈಗಳನ್ನ ನಿನಗೆ ಒಪ್ಪಿಸ್ತೀವಿ. ಈ ಬೆರಳುಗಳಿಗೆ ತಾಳ್ಮೆ ಕೊಡು, ಈ ಕಿವಿಗಳನ್ನ ತೆರೆ, ಈ ಹೃದಯಗಳನ್ನ ಮೃದುಮಾಡು. ಕಲಿಸೋ ಗುರುಗಳನ್ನ ಕೊಡು, ಪೋಷಿಸೋ ಸಭೆಯನ್ನಾಗಿ ನಮ್ಮನ್ನ ಮಾಡು. ಕರ್ತನೇ, ನಿನ್ನ ಆತ್ಮದಿಂದ ತುಂಬಿಸು, ಸೋಮವಾರದ ಅಭ್ಯಾಸಕ್ಕೂ ತುಂಬಿಸು. ಯೇಸುವಿನ ನಾಮದಲ್ಲಿ ಬೇಡ್ತೀವಿ, ತಂದೆಯೇ. ಆಮೆನ್.