ಹೊಸ ಮೃದಂಗವೂ ಕ್ರಯಧರ್ಮವೂ

ಕಾವೇರಿಯ ದಡದಲ್ಲಿರುವ ನಮ್ಮ ಕೊಣನೂರಿಗೆ ಸಮೀಪದಲ್ಲಿಯೇ ರುದ್ರಪಟ್ಟಣವೆಂಬ ಗ್ರಾಮವಿರುವುದನ್ನು ವಾಚಕರು ಬಲ್ಲರು. ಸಂಗೀತಗಾರರ ಊರೆಂದು ಅದಕ್ಕೆ ಹೆಸರು. 1920ರಲ್ಲಿ ಜನಿಸಿ 2014ರಲ್ಲಿ ತೀರಿಕೊಂಡ ವಿದ್ವಾನ್ ಆರ್.ಕೆ. ಶ್ರೀಕಂಠನ್ ಅವರ ಜನ್ಮಸ್ಥಳ ಅದು. ಅದೇ ಗ್ರಾಮದಲ್ಲಿ 1868ರಲ್ಲಿ ಜನಿಸಿದ ಶಾಮಾಶಾಸ್ತ್ರಿಗಳು ಮೈಸೂರಿನ ಪ್ರಾಚ್ಯಕೋಶಾಗಾರಕ್ಕೆ ಬಂದಿದ್ದ ಒಂದು ತಾಳೆಯೋಲೆಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಅದನ್ನು ಅಚ್ಚು ಹಾಕಿಸಿದರೆಂಬುದನ್ನು ಸಂಗೀತದ ಮಾತು ಬಂದಾಗ ಯಾರೂ ನೆನೆಯುವುದಿಲ್ಲ. ನೆನೆಯಬೇಕಾದ ಪ್ರಸಂಗವೊಂದು ಈಗ ಒದಗಿದೆ. ಹೆಚ್ಚು ಬೆಲೆ ಕೊಟ್ಟು ತಂದ ಹೊಸ ವಾದ್ಯವು ದೋಷವುಳ್ಳದ್ದೆಂದು ಕಂಡುಬಂದಾಗ ಕೊಂಡವನ ಧರ್ಮವೇನು, ಮಾರಿದವನ ಧರ್ಮವೇನು ಎಂಬ ಪ್ರಶ್ನೆಗೆ ಸಂಗೀತವೂ ಬೇಕು, ಅರ್ಥಶಾಸ್ತ್ರವೂ ಬೇಕು.

ಮೊದಲು ವಾದ್ಯದ ವಿಷಯ. ಮೃತ್ ಎಂದರೆ ಮಣ್ಣು. ಮಣ್ಣಿನ ಅಂಗವುಳ್ಳದ್ದು ಮೃದಂಗವೆಂದು ಶಬ್ದದ ಅರ್ಥ. ಈಗಿನ ಮೃದಂಗದ ಅಂಗವು ಹಲಸಿನ ಮರ. ಬಲಿತ ಮರದ ಒಂದೇ ದಿಮ್ಮಿಯನ್ನು ಕೊರೆದು ಕಳಸಿಗೆಯನ್ನು ಮಾಡುವರು. ಎರಡು ಬಾಯಿಗಳಿಗೂ ಚರ್ಮದ ಮುಚ್ಚಿಗೆಗಳನ್ನು ಹೊದಿಸಿ ಬಾರಿನಿಂದ ಬಿಗಿಯುವರು. ಎಡಗಡೆಗೆ ನುಡಿಸುವ ಹೊತ್ತಿಗೆ ರವೆಯ ಕಣಕವನ್ನು ಮೆತ್ತಿ, ಮುಗಿದಮೇಲೆ ತೆಗೆದುಬಿಡುವರು. ಬಲಗಡೆಯಲ್ಲಿ ಶಾಶ್ವತವಾಗಿ ನಿಲ್ಲುವುದು ಕರಣೆ. ಕಪ್ಪುಕಲ್ಲಿನ ಪುಡಿಯನ್ನು ಅನ್ನದೊಡನೆ ಅರೆದು, ತೆಳುವಾಗಿ ಒಂದೊಂದೇ ಪದರ ಹಚ್ಚಿ, ಪ್ರತಿಯೊಂದು ಪದರವನ್ನೂ ಕಲ್ಲಿನಿಂದ ಉಜ್ಜಿ ಒಣಗಿಸಿ ಇದನ್ನು ಮಾಡತಕ್ಕದ್ದು. ಬರಿಯ ಚರ್ಮವನ್ನು ತಟ್ಟಿದರೆ ಹುಟ್ಟುವ ಧ್ವನಿಯಂಶಗಳು ಒಂದಕ್ಕೊಂದು ಹೊಂದುವುದಿಲ್ಲ. ಕರಣೆಯ ಭಾರದಿಂದ ಅವು ಹೊಂದಿಕೊಂಡು ಸ್ವರವಾಗುವುವು. ಇದನ್ನು ಸಿ.ವಿ. ರಾಮನ್ ಅವರು 1920ರಲ್ಲಿ ಶಿವಕಾಳಿ ಕುಮಾರ್ ಎಂಬವರೊಡನೆ ಸಂಕ್ಷೇಪವಾಗಿಯೂ, 1934ರಲ್ಲಿ ಬೆಂಗಳೂರಿನ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ವಿಸ್ತಾರವಾಗಿಯೂ ನಿರೂಪಿಸಿದರು. ಆದುದರಿಂದ ಕರಣೆಯು ಒಂದು ಪಕ್ಕಕ್ಕೆ ದಪ್ಪವಾದರೆ ಅದು ಅಂದದ ಕೊರತೆ ಮಾತ್ರವಲ್ಲ. ವಾದ್ಯವು ವಾದ್ಯವೆನಿಸಿಕೊಳ್ಳುವ ಗುಣಕ್ಕೇ ಬಂದ ಕುಂದು.

ನಮ್ಮ ಸೀಮೆಯಲ್ಲಿ ಹೊಗೆಸೊಪ್ಪು ಬೆಳೆಯುವ ಒಂದು ಮನೆಯವರು, ರಾಮನಾಥಪುರದ ಹರಾಜು ಮಾರುಕಟ್ಟೆಯಿಂದ ಬಂದ ಹಣದಲ್ಲಿ, ಶಿವರಾತ್ರಿಗೆ ಮುಂಚೆ ಮಗನಿಗೊಂದು ಮೃದಂಗವನ್ನು ಕೊಂಡರು. ಬೆಲೆ 22,000 ರೂಪಾಯಿ. ಯುಗಾದಿಯಂದು ದೇವರ ಮುಂದಿಟ್ಟು ಕುಂಕುಮವಿಟ್ಟರು. ಆ ಹೊತ್ತಿಗೆ ಆರು ವಾರ ಕಳೆದಿದ್ದುವು. ಬಿಸಿಲು ಬಲಿತಂತೆ ಕಳಸಿಗೆಯ ಮೇಲೆ ಉದ್ದಕ್ಕೆ ಒಂದು ಗೆರೆ ಕಾಣಿಸಿತು. ನೋಡಿದರೆ ಹಳೆಯ ಬಿರುಕು. ಮರದ ಹೊಟ್ಟನ್ನೂ ಅಂಟನ್ನೂ ತುಂಬಿ ಮೇಲೆ ಬಣ್ಣ ಬಳಿದದ್ದು. ಬಲ ಮುಚ್ಚಿಗೆಯು ಒಂದು ಕಡೆ ಒಂದು ಶ್ರುತಿಯನ್ನೂ ಎದುರು ಕಡೆ ಇನ್ನೊಂದು ಶ್ರುತಿಯನ್ನೂ ಹೇಳುತ್ತಿತ್ತು. ಮನೆಯಲ್ಲಿ ಮೂರು ಅಭಿಪ್ರಾಯಗಳಾದುವು. "ಕುಂಕುಮ ಇಟ್ಟದ್ದಾಯಿತು, ಇನ್ನು ಅದಕ್ಕೆ ಹೆಸರಿಡಬಾರದಪ್ಪ" ಎಂದರು ಅಜ್ಜಿ. ಗೆರೆಯ ಮೇಲೆ ಮತ್ತೆ ಬಣ್ಣ ಬಳಿಸಿ, ಕೊಳ್ಳುವವರು ಸಿಕ್ಕಿದರೆ ಅಷ್ಟೇ ಬೆಲೆಗೆ ಕೊಟ್ಟುಬಿಡೋಣವೆಂದರು ಹುಡುಗನ ಚಿಕ್ಕಪ್ಪ. ಕೊಂಡಲ್ಲಿಗೇ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಬೇಕೆಂದರು ಪಾಠ ಹೇಳುವ ವಿದ್ವಾಂಸರು. ಮೂರು ಪಕ್ಷಗಳನ್ನೂ ಕ್ರಮವಾಗಿ ವಿಚಾರಿಸೋಣ.

ಅಜ್ಜಿಯ ಮಾತನ್ನು ಮೌಢ್ಯವೆಂದು ತಳ್ಳುವುದು ಸುಲಭ. ಆದರೆ ಅದರಲ್ಲಿ ಒಂದು ಸೌಜನ್ಯವಿದೆ. ಮನೆಗೆ ಬಂದದ್ದನ್ನು ಹಳಿಯಬಾರದು, ಸಿಕ್ಕಿದ್ದರಲ್ಲಿ ತೃಪ್ತಿಪಡಬೇಕು ಎಂಬ ಬುದ್ಧಿ ಒಳ್ಳೆಯದೇ. ಆದರೆ ತೃಪ್ತಿಯು ತನ್ನ ಪಾಲಿನ ಭೋಗದ ವಿಷಯದಲ್ಲಿ ಗುಣವೇ ಹೊರತು ಇನ್ನೊಬ್ಬನ ಪಾಲಿನ ವಿದ್ಯೆಯ ವಿಷಯದಲ್ಲಿ ಗುಣವಲ್ಲ. ಇಲ್ಲಿ ನಷ್ಟವು ಯಾರದು? ಹನ್ನೊಂದು ವರ್ಷದ ಬಾಲಕನದು. ಶ್ರುತಿ ನಿಲ್ಲದ ವಾದ್ಯದ ಮೇಲೆ ಪ್ರತಿನಿತ್ಯ ಅಭ್ಯಾಸ ಮಾಡುವ ಹುಡುಗನ ಕಿವಿಯು ಅಪಸ್ವರಕ್ಕೆ ಒಗ್ಗಿಹೋಗುವುದು. ಇಲ್ಲವಾದರೆ ತಪ್ಪು ತನ್ನ ಬೆರಳಿನದೆಂದು ತಿಳಿದು ಅವನು ವಿದ್ಯೆಯನ್ನೇ ಬಿಡುವನು. ವಾದ್ಯದ ದೋಷವನ್ನು ಮಗುವಿನ ದೋಷವೆಂದು ಎಣಿಸಲು ಎಡೆಗೊಡುವ ಮೌನವನ್ನು ಭಕ್ತಿಯೆನ್ನಲಾಗದು. ಬಿರುಕುಬಿಟ್ಟ ವಿಗ್ರಹವನ್ನು ಪೂಜೆಯಲ್ಲಿಡಬಾರದೆಂದು ನಮ್ಮ ಹಿರಿಯರೇ ಹೇಳಿರುವಾಗ, ಪೂಜಿಸಿದ ಮಾತ್ರಕ್ಕೆ ಬಿರುಕು ಮುಚ್ಚಿತೆನ್ನುವುದು ಹೇಗೆ?

ಎರಡನೆಯ ಪಕ್ಷವನ್ನು ಬಾಯಿಬಿಟ್ಟು ಸಮರ್ಥಿಸುವವರು ಕಡಮೆ. ನಡತೆಯಲ್ಲಿ ಅನುಸರಿಸುವವರು ಬಹಳ. ನಾನು ಮೋಸಹೋದೆ, ಆದುದರಿಂದ ಇನ್ನೊಬ್ಬನಿಗೆ ಅದನ್ನು ದಾಟಿಸಿ ನನ್ನ ಹಣವನ್ನು ಪಡೆಯುವುದು ನ್ಯಾಯವೆಂದು ಮನಸ್ಸು ಹೇಳುವುದುಂಟು. ಇದಕ್ಕೆ ಉತ್ತರವನ್ನು ಹುಡುಗನ ತಂದೆಯೇ ಕೊಟ್ಟರು. ಹೊಗೆಸೊಪ್ಪಿನ ಬೇಲಿನ ಮೇಲುಗಡೆ ಒಳ್ಳೆಯ ಎಲೆಯನ್ನೂ ಹೊಟ್ಟೆಯಲ್ಲಿ ಕಳಪೆ ಎಲೆಯನ್ನೂ ಇಟ್ಟು ಕಟ್ಟುವ ಬೆಳೆಗಾರನಿಂದ ಅವನೊಬ್ಬನೇ ಕೆಡುವುದಿಲ್ಲ. ಮಾರನೆಯ ದಿನ ಅವನ ಊರಿನ ಎಲ್ಲರ ಬೇಲುಗಳನ್ನೂ ಅನುಮಾನದಿಂದ ಬಿಚ್ಚಿ ನೋಡುವರು ಎಂದರು ಅವರು. ಮೋಸವು ಕೈಯಿಂದ ಕೈಗೆ ಹೋದಂತೆ ಸವೆಯುವ ವಸ್ತುವಲ್ಲ. ಮೊದಲನೆಯ ಮಾರಾಟಗಾರನಿಗೆ ಬಿರುಕು ತಿಳಿದಿರಲಿಲ್ಲವೆಂಬ ಸಂಶಯದ ಲಾಭವಾದರೂ ಇದ್ದೀತು. ಎರಡನೆಯ ಬಾರಿ ತಿಳಿದು ಮಾರುವವನಿಗೆ ಅದೂ ಇಲ್ಲ.

ಇನ್ನು ಮೂರನೆಯ ಪಕ್ಷ. ಇದಕ್ಕೆ ಎದುರಾಗಿ ಅಂಗಡಿಯವನಾಡುವ ಮಾತೊಂದಿದೆ: "ನೀವೇ ತಟ್ಟಿ ನೋಡಿ ಒಪ್ಪಿಕೊಂಡು ತೆಗೆದುಕೊಂಡಿರಲ್ಲ!" ಈ ವಾದವು ಅಲ್ಪವಾದುದಲ್ಲ. ಕೊಳ್ಳುವವನು ಮೊದಲು ತಾನೇ ಗುಣದೋಷಗಳನ್ನು ಪರೀಕ್ಷಿಸಬೇಕು, ಪರೀಕ್ಷಿಸಿ ಒಪ್ಪಿದ ಸರಕು ಮಾರಿದವನಿಗೆ ಹಿಂದಿರುಗದು ಎಂದು ನಾರದಸ್ಮೃತಿಯೂ ಹೇಳುತ್ತದೆ. ಆದರೆ ಅದೇ ಸ್ಮೃತಿಯು, ನಿರ್ದೋಷವಾದುದನ್ನು ತೋರಿಸಿ ದೋಷವುಳ್ಳದ್ದನ್ನು ಕೊಟ್ಟವನಿಂದ ಕೊಂಡವನಿಗೆ ಬೆಲೆಯ ಎರಡರಷ್ಟನ್ನು ಕೊಡಿಸಬೇಕೆಂದೂ ವಿಧಿಸಿದೆ. ಪರೀಕ್ಷೆಗೆ ಕಾಲವೆಷ್ಟು? ಯಾಜ್ಞವಲ್ಕ್ಯನು ಬೀಜಕ್ಕೆ 10 ದಿನ, ಕಬ್ಬಿಣಕ್ಕೆ 1 ದಿನ, ಹೊರೆಯೆತ್ತುವ ಪಶುವಿಗೆ 5 ದಿನ, ರತ್ನಕ್ಕೆ 7 ದಿನ, ಕರೆಯುವ ಹಸುವಿಗೆ 3 ದಿನ ಎಂದಿದ್ದಾನೆ. ಈ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವು ಹುಟ್ಟಿದ್ದು ನಮ್ಮ ಕನ್ನಡನಾಡಿನ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ. ಅದೇ ಪಟ್ಟಿಯಲ್ಲಿ ದಾಸದಾಸಿಯರ ಪರೀಕ್ಷೆಗೂ ದಿನಗಳನ್ನು ಗೊತ್ತುಮಾಡಿರುವುದು ಆ ಕಾಲದ ಕಳಂಕ; ಅದನ್ನು ಮರೆಮಾಡಬೇಕಾಗಿಲ್ಲ. ಅರ್ಥಶಾಸ್ತ್ರವು ಚತುಷ್ಪಾದಗಳನ್ನು ಮೂರು ಪಕ್ಷಗಳೊಳಗೆ ಹಿಂದಿರುಗಿಸಬಹುದೆಂದು ಹೇಳಿ ಅದಕ್ಕೆ ಕಾರಣವನ್ನೂ ಕೊಡುತ್ತದೆ: ಅವು ಚೆನ್ನಾಗಿವೆಯೋ ಇಲ್ಲವೋ ಎಂಬುದನ್ನು ತಿಳಿಯಲು ಅಷ್ಟು ಕಾಲ ಸಾಕು ಎಂಬುದೇ ಆ ಕಾರಣ.

ಈ ಕಾರಣದಲ್ಲಿಯೇ ನಮ್ಮ ಪ್ರಶ್ನೆಯ ಬೀಗದ ಕೈ ಇದೆ. ದಿನಗಳ ಸಂಖ್ಯೆಯು ಮುಖ್ಯವಲ್ಲ. ಆಯಾ ವಸ್ತುವಿನ ದೋಷವು ಹೊರಬೀಳಲು ಬೇಕಾದ ಕಾಲವು ಮುಖ್ಯ. ಮೃದಂಗದ ಕರಣೆಯನ್ನು ಒಂದು ಗಳಿಗೆಯಲ್ಲಿ ಪರೀಕ್ಷಿಸಬಹುದು: ಸುತ್ತಲೂ ಮೀಟಿ ನೋಡಿದರಾಯಿತು. ಆದರೆ ಹಸಿ ಮರವು ಹಸಿಯೆಂದು ಹೇಳುವುದು ಬೇಸಗೆಯಲ್ಲಿ. ಬಣ್ಣದ ಕೆಳಗಿನ ಬಿರುಕು ಎಷ್ಟು ತಟ್ಟಿದರೂ ಕಾಣದು. ಕೊಳ್ಳುವವನ ಕಣ್ಣು ಕೈಗಳು ಎಲ್ಲಿ ಸೋಲುವುವೋ ಅಲ್ಲಿಂದ ಮುಂದೆ ಅವನಿಗಿರುವ ಆಧಾರವು ಮಾರುವವನ ಮಾತೊಂದೇ. ಆದುದರಿಂದ ಕೊಳ್ಳುವವನ ಪರೀಕ್ಷೆ ಮುಗಿದಲ್ಲಿ ಮಾರುವವನ ಸತ್ಯವು ಆರಂಭವಾಗತಕ್ಕದ್ದು.

ಮಾರುವವನು ಸುಳ್ಳಾಡಲಿಲ್ಲ, ಸುಮ್ಮನಿದ್ದನಷ್ಟೆ ಎಂಬ ಶಂಕೆ ಇಲ್ಲಿ ಹುಟ್ಟಬಹುದು. ಇದು ನಮ್ಮಲ್ಲಿ ಮಾತ್ರ ಹುಟ್ಟಿದ ಶಂಕೆಯಲ್ಲ. ರೋಮಿನ ಸಿಸಿರೋ ಎಂಬ ಪಂಡಿತನು ಕ್ರಿ.ಪೂ. 44ರಲ್ಲಿ ತನ್ನ ಮಗನಿಗೆಂದು ಕರ್ತವ್ಯದ ಮೇಲೆ ಒಂದು ಗ್ರಂಥವನ್ನು ಬರೆದನು. ಅದರಲ್ಲಿ ಒಬ್ಬನು ಮನೆಯನ್ನು ಮಾರುತ್ತಾನೆ; ಮನೆಯ ಮರಗಳು ಕೆಟ್ಟಿರುವುದು ಒಡೆಯನಿಗೊಬ್ಬನಿಗೇ ಗೊತ್ತು. ಹೇಳದಿರುವುದು ಬೇರೆ, ಮರೆಮಾಚುವುದು ಬೇರೆ ಎಂದು ಒಬ್ಬ ತಾತ್ತ್ವಿಕನ ಪಕ್ಷ. ಹೇಳಲೇಬೇಕೆಂದು ಅವನ ಶಿಷ್ಯನ ಪಕ್ಷ. ಸಿಸಿರೋ ಶಿಷ್ಯನ ಕಡೆಗೇ ತೀರ್ಪಿತ್ತನು. ನಮಗೆ ತೋರುವ ಯುಕ್ತಿಯು ಇನ್ನೂ ಸರಳವಾದುದು. ಬೆಲೆಯೂ ಒಂದು ಮಾತು. ಒಂದು ವಾದ್ಯಕ್ಕೆ 5,000 ರೂಪಾಯಿ ಎನ್ನುವವನು ಒಂದು ಮಾತನ್ನಾಡುತ್ತಾನೆ; 22,000 ಎನ್ನುವವನು ಇನ್ನೊಂದು ಮಾತನ್ನಾಡುತ್ತಾನೆ. ಅಗ್ಗದ ಆಸೆಗೆ ಮುಗ್ಗಿದ ಜೋಳ ತಂದವನನ್ನು ಲೋಕವು ನಗುವುದು ಸರಿಯೇ. ಹೆಚ್ಚು ಬೆಲೆಯನ್ನು ಕೇಳಿ ಮುಗ್ಗಿದ ಜೋಳವನ್ನು ಅಳೆದವನ ವಿಷಯದಲ್ಲಿ ನಗುವುದಕ್ಕೇನಿದೆ? ಬಲಿತ ಮರ, ಸಮನಾದ ಕರಣೆ, ನಿಲ್ಲುವ ಶ್ರುತಿ ಇವುಗಳ ಬೆಲೆಯನ್ನು ಕೇಳಿದವನು ಇವು ಇವೆಯೆಂದು ಹೇಳಿದಂತೆಯೇ ಆಯಿತು. ಆಮೇಲೆ ಅವನ ಮೌನವು ಬರಿಯ ಮೌನವಾಗಿ ಉಳಿಯುವುದಿಲ್ಲ.

ಈಗಿನ ಶಾಸನವೂ ಬಹುಮಟ್ಟಿಗೆ ಇದೇ ದಾರಿಯಲ್ಲಿದೆ. 1930ರ ಸರಕು ಮಾರಾಟದ ಕಾಯಿದೆಯು ಕೊಳ್ಳುವವನ ಎಚ್ಚರವನ್ನು ಸಾಮಾನ್ಯ ನಿಯಮವಾಗಿ ಇಟ್ಟಿದ್ದರೂ, ತನಗೆ ಬೇಕಾದ ಪ್ರಯೋಜನವನ್ನು ತಿಳಿಸಿ ಮಾರುವವನ ತಿಳಿವನ್ನು ನಂಬಿ ಕೊಂಡವನನ್ನು ರಕ್ಷಿಸುತ್ತದೆ. 1986ರಲ್ಲಿ ಗ್ರಾಹಕರಿಗಾಗಿ ಬೇರೆ ಕಾಯಿದೆಯಾಯಿತು. ಅದರ ಸ್ಥಾನದಲ್ಲಿ ಬಂದ 2019ರ ಕಾಯಿದೆಯು 2020ರ ಜುಲೈ ತಿಂಗಳಿನಿಂದ ನಡೆಯುತ್ತಿದೆ. ಅದರಂತೆ ಜಿಲ್ಲಾ ಆಯೋಗದ ಮುಂದೆ ಎರಡು ವರ್ಷಗಳೊಳಗೆ ದೂರನ್ನು ಒಯ್ಯಬಹುದು. ಆದರೆ ನ್ಯಾಯಸ್ಥಾನವು ಕೊನೆಯ ಮೆಟ್ಟಲು. ಮೊದಲನೆಯ ಮೆಟ್ಟಲು ಸರಿಯಾಗಿ ಮಾತನಾಡುವುದು.

ದೋಷವನ್ನು ಹೇಳುವವನಿಗೂ ಧರ್ಮವುಂಟು. ಕುಂದುಗಳಲ್ಲಿ ಸ್ವಭಾವ, ಪ್ರಮಾದ, ವಂಚನೆ ಎಂದು ಮೂರು ಬಗೆಯನ್ನು ಅವನು ವಿಂಗಡಿಸಬೇಕು. ಹೊಸ ಚರ್ಮವು ಕೆಲವು ದಿನ ಸಡಿಲುವುದು, ಮಳೆಗಾಲದಲ್ಲಿ ಶ್ರುತಿ ಇಳಿಯುವುದು ಸ್ವಭಾವ. ಇದಕ್ಕೆ ದೂರಿದರೆ ಮಳೆಯನ್ನೇ ದೂರಬೇಕಾದೀತು. ಕರಣೆಯು ಒಂದು ಪಕ್ಕಕ್ಕೆ ದಪ್ಪವಾದದ್ದು ಪ್ರಮಾದ. ಇದನ್ನು ತಿದ್ದಿಕೊಡುವಂತೆ ಕೇಳತಕ್ಕದ್ದು, ಕೋಪಿಸತಕ್ಕದ್ದಲ್ಲ. ಬಿರುಕಿಗೆ ಹೊಟ್ಟು ತುಂಬಿ ಬಣ್ಣ ಬಳಿದದ್ದು ವಂಚನೆ. ಮೂರನ್ನೂ ಒಂದೇ ದನಿಯಲ್ಲಿ ಕೂಗುವವನು ತನ್ನ ನಿಜವಾದ ದೂರನ್ನು ತಾನೇ ಹಗುರಮಾಡಿಕೊಳ್ಳುವನು.

ವಂಚನೆ ಯಾರದೆಂಬುದನ್ನೂ ವಿಚಾರಿಸಬೇಕು. ದಿಮ್ಮಿಯನ್ನು ಕೊಟ್ಟವನು ಬೇರೆ, ಕೊರೆದವನು ಬೇರೆ, ಚರ್ಮವನ್ನು ಹದಮಾಡಿ ಮುಚ್ಚಿಗೆ ಕಟ್ಟಿದವನು ಬೇರೆ, ಅಂಗಡಿಯಲ್ಲಿ ಕುಳಿತವನು ಬೇರೆ. ದೂರು ಮಾತ್ರ ಬಹುಬೇಗ ಕಟ್ಟಿದವನ ತಲೆಗೆ ಇಳಿಯುವುದು. ಏಕೆಂದರೆ ಅವನು ಬಡವ, ಚರ್ಮದ ಕೆಲಸದವನು. ದಕ್ಷಿಣದ ಮೃದಂಗ ಮಾಡುವ ಕುಶಲಿಗಳ ಚರಿತ್ರೆಯನ್ನು ಗಾಯಕ ಟಿ.ಎಂ. ಕೃಷ್ಣ ಅವರು 2020ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಿರೂಪಿಸಿದ್ದಾರೆ. ಅವರಲ್ಲಿ ಅನೇಕರು ದಲಿತ ಕುಲಗಳವರು. ವಿದ್ವಾಂಸರ ಹೆಸರು ಸಭೆಯಲ್ಲಿ ಮೆರೆಯಿತು. ನಾದವನ್ನು ಕಟ್ಟಿಕೊಟ್ಟವರ ಹೆಸರು ಮನೆಯ ಹೊರಗೇ ಉಳಿಯಿತು. ಚರ್ಮಕ್ಕೆ ಕುಂಕುಮವಿಟ್ಟು ಅದನ್ನು ಹದಮಾಡಿದವನನ್ನು ಹೊರಗೆ ನಿಲ್ಲಿಸಿದ ನಾವು ದೋಷದ ಮಾತನ್ನಾಡುವಾಗ ಸ್ವಲ್ಪ ತಗ್ಗಿ ಆಡುವುದು ಲೇಸು. ಆದರೆ ತಗ್ಗಿ ಆಡುವುದೆಂದರೆ ಆಡದಿರುವುದಲ್ಲ. ತನ್ನ ಕರಣೆ ಎಲ್ಲಿ ಓರೆಯಾಯಿತೆಂದು ಕುಶಲಿಗೆ ಯಾರೂ ಹೇಳದಿದ್ದರೆ ಅವನ ಮುಂದಿನ ಮೃದಂಗವೂ ಓರೆಯಾಗಿಯೇ ಹುಟ್ಟುವುದು. ವಿದ್ಯಾರ್ಥಿಯ ತಪ್ಪನ್ನು ಗುರುತುಮಾಡದೆ ಹಾಳೆಯನ್ನು ಹಿಂದಕ್ಕೆ ಕೊಡುವ ಉಪಾಧ್ಯಾಯನನ್ನು ದಯಾಳುವೆಂದು ಯಾರೂ ಹೇಳುವುದಿಲ್ಲ.

ಮೇಲಿನ ಮನೆಯವರು ವಿದ್ವಾಂಸರನ್ನು ಜೊತೆಯಲ್ಲಿ ಕರೆದುಕೊಂಡು ಅಂಗಡಿಗೆ ಹೋದರು. ಬಿಸಿಲಿಗೆ ಮರ ಬಿರಿಯುವುದು ಸಹಜವೆಂದು ಮೊದಲು ಉತ್ತರ ಬಂತು. ವಿದ್ವಾಂಸರು ಹೊಟ್ಟು ತುಂಬಿದ ಭಾಗವನ್ನು ತೋರಿಸಿದಮೇಲೆ ಸಹಜವೆಂಬ ಮಾತು ನಿಂತಿತು. ಕಳಸಿಗೆಯನ್ನು ಬದಲಾಯಿಸಿ, ಕರಣೆಯನ್ನು ಹೊಸದಾಗಿ ಹಾಕಿಸಿಕೊಡಲು ಅಂಗಡಿಯವನು ಒಪ್ಪಿದನು. ಆರು ವಾರ ನುಡಿಸಿ ಸವೆದ ಎಡ ಮುಚ್ಚಿಗೆಯ ಬೆಲೆಯನ್ನು ಕೊಂಡವರೇ ಕೊಟ್ಟರು. ಅದನ್ನು ಯಾರೂ ಕೇಳಿರಲಿಲ್ಲ. ತಡವಾಗಿ ಹಿಂದಿರುಗಿಸಿದವನು ಬೆಲೆಯಲ್ಲಿ ಒಂದು ಭಾಗವನ್ನು ಬಿಡಬೇಕೆಂದು ನಾರದನು ಹೇಳಿರುವುದನ್ನು ಅವರು ಓದಿದವರಲ್ಲ. ತಮ್ಮ ಉಪಯೋಗದಿಂದಾದ ಸವೆತವನ್ನು ಇನ್ನೊಬ್ಬನ ಲೆಕ್ಕಕ್ಕೆ ಬರೆಯಬಾರದೆಂಬಷ್ಟನ್ನು ಬೇಸಾಯದಿಂದಲೇ ಕಲಿತವರು.

ಇದರಿಂದ ತೇಲುವ ಸಿದ್ಧಾಂತವಿಷ್ಟು. ಮಾರುವವನು ತಾನು ಕೇಳುವ ಬೆಲೆಯನ್ನು ತಾನಾಡಿದ ಮಾತೆಂದು ಎಣಿಸಬೇಕು. ಕೊಳ್ಳುವವನು ಕಾಣುವುದನ್ನು ನೋಡಿ ಕೊಳ್ಳಬೇಕು. ಕಾಣದ್ದು ಕಂಡ ಕೂಡಲೆ, ತಿದ್ದಬಲ್ಲವನ ಎದುರಿಗೆ, ಇದ್ದಷ್ಟೇ ಹೇಳಬೇಕು. ಹೇಳದೆ ಸಹಿಸಿದರೆ ಮುಂದಿನವನು ಮೋಸಹೋಗುವನು. ಹೆಚ್ಚಿಸಿ ಹೇಳಿದರೆ ನಿರಪರಾಧಿಯು ನೋಯುವನು. ಶ್ರುತಿ ಸೇರಿಸುವಾಗ ವಾದಕನು ಮಾಡುವುದೂ ಇಷ್ಟೇ ಅಲ್ಲವೆ? ಇಳಿದ ಕಡೆ ಏರಿಸುವನು, ಏರಿದ ಕಡೆ ಇಳಿಸುವನು. ತಂಬೂರಿಯನ್ನು ಗದ್ದಲದಲ್ಲಿ ಮುಳುಗಿಸುವುದೂ ಇಲ್ಲ, ಕೇಳಿಸದವನಂತೆ ಕುಳಿತಿರುವುದೂ ಇಲ್ಲ.